ಪಲೆಂಕೆಯ ಶಾಸನ ದೇವಾಲಯ

ಮೆಕ್ಸಿಕೊ ದೇಶದ ದಕ್ಷಿಣದಲ್ಲಿ, ಚಿಯಾಪಾಸ್ ಪ್ರಾಂತದ ಬೆಟ್ಟಗಾಡು ಬಯಲಿಗೆ ಇಳಿಯುವ ತಾಣದಲ್ಲಿ ಪಲೆಂಕೆಯೆಂಬ ಹಾಳುಪಟ್ಟಣವಿರುವುದು. ಇದನ್ನು ಕಟ್ಟಿದವರು ಮಾಯಾ ಜನರು. ಈ ಹೆಸರಿಗೂ ನಮ್ಮ ಪುರಾಣಗಳ ಮಯನಿಗೂ ಸಂಬಂಧವಿಲ್ಲ. ಧ್ವನಿಸಾಮ್ಯವೊಂದನ್ನೇ ಹಿಡಿದು ಹೆಣೆದ ಊಹೆಗಳು ಪರೀಕ್ಷೆಗೆ ನಿಲ್ಲತಕ್ಕವಲ್ಲ.

ಅಲ್ಲಿಯ ಕಟ್ಟಡಗಳಲ್ಲಿ ಪ್ರಸಿದ್ಧವಾದುದು ಶಾಸನ ದೇವಾಲಯ. ಬೆಟ್ಟದ ಇಳಿಜಾರಿಗೆ ಬೆನ್ನುಕೊಟ್ಟು, ಮೇಲುಮೇಲಕ್ಕೆ ಕಿರಿದಾಗುವ ಜಗತಿಗಳಿಂದ ಪಿರಮಿಡ್ಡು ಎದ್ದಿರುವುದು. ನೆತ್ತಿಯ ಮೇಲೆ ಐದು ಬಾಗಿಲುಗಳ ಗುಡಿ. ಒಳಗೋಡೆಗಳ ಮೂರು ಶಿಲಾಫಲಕಗಳಲ್ಲಿ ಆರುನೂರಕ್ಕೂ ಮೀರಿದ ಚಿತ್ರಾಕ್ಷರಗಳಿವೆ.

ಈಜಿಪ್ಟಿನ ಪಿರಮಿಡ್ಡು ಸಮಾಧಿ, ಅಮೆರಿಕದ್ದು ಬರಿಯ ಗುಡಿಯ ಪೀಠವೆಂದು ವಿದ್ವಾಂಸರು ಬಹುಕಾಲ ನಂಬಿದ್ದರು. ಆ ನಂಬಿಕೆಯನ್ನು ಕದಲಿಸಿದುದು ನೆಲಹಾಸಿನ ಒಂದು ಚಪ್ಪಡಿ. ಅದರಲ್ಲಿ ಕಲ್ಲಿನ ಬಿರಡೆಗಳಿಂದ ಮುಚ್ಚಿದ ರಂಧ್ರಗಳಿದ್ದುವು. ಗುಡಿಯ ಗೋಡೆಗಳು ನೆಲದಲ್ಲಿ ಮುಗಿಯದೆ ಇನ್ನೂ ಕೆಳಕ್ಕಿಳಿದಿರುವುದನ್ನೂ ಪುರಾತತ್ತ್ವಜ್ಞರಾದ ಅಲ್ಬೆರ್ತೊ ರೂಸ್ ಅವರು ಗಮನಿಸಿದರು. ಚಪ್ಪಡಿಯನ್ನೆತ್ತಿದಾಗ ಕಲ್ಲುಮಣ್ಣು ತುಂಬಿದ ಸೋಪಾನವೊಂದು ಕಾಣಿಸಿತು. ಅದನ್ನು ತೆರವು ಮಾಡುವುದರಲ್ಲಿಯೇ ವರ್ಷಗಳು ಕಳೆದುವು. 1952ರ ಜೂನ್ ತಿಂಗಳಲ್ಲಿ ತ್ರಿಕೋಣಾಕಾರದ ಬಾಗಿಲುಗಲ್ಲು ಸರಿಯಿತು. ಅದರ ಹೊರಗೆ ಐದಾರು ಜನರ ಎಲುಬುಗಳಿದ್ದುವು. ದೊರೆಯೊಡನೆ ಬಲಿಯಾದವರು ಇವರೆಂದು ತಿಳಿಯಲಾಗಿದೆ.

ಒಳಗೆ, ಗುಡಿಯ ನೆಲದಿಂದ ಸುಮಾರು 80 ಅಡಿ ಆಳದಲ್ಲಿ, ಬೃಹತ್ತಾದ ಶಿಲಾಸಂಪುಟ. ಅದರ ಮುಚ್ಚಳವು 12 ಅಡಿಗೂ ಹೆಚ್ಚು ಉದ್ದ, 7 ಅಡಿ ಅಗಲ. ಅಂತಹ ಕಲ್ಲು ಆ ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಇಳಿಯಲಾರದು. ಎಂದಮೇಲೆ ಸಂಪುಟವನ್ನು ಮೊದಲು ಇರಿಸಿ, ಅದರ ಸುತ್ತ ಪಿರಮಿಡ್ಡನ್ನು ಎಬ್ಬಿಸಿದರೆಂಬುದು ಸ್ಪಷ್ಟ. ಮುಚ್ಚಳದ ಮೇಲೆ ಪಾತಾಳದ ಬಾಯಲ್ಲಿ ಒರಗಿದ ದೊರೆ, ಅವನ ಮೇಲೆ ವಿಶ್ವವೃಕ್ಷ. ಇದನ್ನು ಆಕಾಶಯಾನವೆಂದು ಭ್ರಮಿಸಿದವರೂ ಉಂಟು! ಸಂಪುಟದ ಪಕ್ಕಗಳಲ್ಲಿ ಪೂರ್ವಜರು ಫಲವೃಕ್ಷಗಳೊಡನೆ ಭೂಮಿಯಿಂದ ಮೊಳೆತೇಳುತ್ತಿರುವರು. ತಾಯಿ ಸಕ್ ಕುಕ್ ಅವರಲ್ಲಿ ಒಬ್ಬಳು. ಬಿತ್ತಿದ ಬೀಜವು ಮರಳಿ ಏಳುವಂತೆ ಮೃತನು ಏಳುವನೆಂಬ ಭಾವನೆ ಇಲ್ಲಿ ಕಲ್ಲಾಗಿದೆ.

ಇನ್ನೊಂದು ವಿಶೇಷವುಂಟು. ಸಂಪುಟದ ಬಳಿಯಿಂದ ಹೊರಟ ಕಿರಿದಾದ ಕೊಳವೆಯೊಂದು ಮೆಟ್ಟಿಲುಗಳ ಜೊತೆಜೊತೆಯಾಗಿ ಮೇಲಿನ ಗುಡಿಯವರೆಗೂ ಏರಿರುವುದು. ಗಾಳಿಗಾಗಿ ಮಾಡಿದುದಲ್ಲ; ಮೃತನ ಆತ್ಮವು ಬಂದುಹೋಗಲೆಂದು ಮಾಡಿದುದೆಂಬುದೇ ಬಲವಾದ ಅಭಿಪ್ರಾಯ. ಹಾಗಾದರೆ ಮೇಲೆ ಪೂಜೆಗೆ ನಿಂತ ಮಗನಿಗೂ ಕೆಳಗೆ ಮಲಗಿದ ತಂದೆಗೂ ಸಂಭಾಷಣೆ ನಿಂತಿರಲಿಲ್ಲವೆಂದಾಯಿತು.

ಆ ತಂದೆ ಯಾರು? ಶಾಸನಗಳ ವಾಚನವು ಮುಂದುವರಿದಂತೆ, 1973ರ ಸುಮಾರಿಗೆ, ಉತ್ತರ ದೊರಕಿತು: ಕ್ರಿ. ಶ. 603ರಲ್ಲಿ ಹುಟ್ಟಿ, 615ರಲ್ಲಿ ಹನ್ನೆರಡನೆಯ ವಯಸ್ಸಿಗೆ ಪಟ್ಟವೇರಿ, 683ರಲ್ಲಿ ಎಂಬತ್ತರ ಮುಪ್ಪಿನಲ್ಲಿ ತೀರಿಕೊಂಡ ಪಕಾಲ್. ದೇವಾಲಯವನ್ನು ಪೂರ್ತಿಗೊಳಿಸಿದವನು ಮಗ ಕಾನ್ ಬಾಲಂ. ಫಲಕಗಳ ಕಾಲಗಣನೆಯಾದರೋ ತಂದೆಯ ಪಟ್ಟಾಭಿಷೇಕದ ತಿಥಿಯನ್ನು ಕ್ರಿ. ಶ. 4772ರವರೆಗೂ ಮುಂದಕ್ಕೊಯ್ಯುವುದು. ಆದರೆ ಮೊದಲ ಪರೀಕ್ಷೆಯಲ್ಲಿ ಎಲುಬುಗಳು ನಲವತ್ತು ಐವತ್ತರವನವೆಂದು ಕಂಡಿದ್ದುವು. ರೂಸ್ ಅವರು ಅದನ್ನೇ ಹಿಡಿದು, ಶಾಸನಗಳ ಹೊಸ ವಾಚನವನ್ನು ಕಡೆಯವರೆಗೂ ಒಪ್ಪಲಿಲ್ಲ. ಅವರ ತರುವಾಯ ನಡೆದ ಪರೀಕ್ಷೆಯು ವೃದ್ಧಾಪ್ಯದ ಕಡೆಗೇ ಸಾಕ್ಷಿ ಹೇಳಿತು. 1979ರಲ್ಲಿ ತೀರಿಕೊಂಡ ರೂಸ್ ಅವರ ಸಮಾಧಿಯು ಪಲೆಂಕೆಯಲ್ಲಿಯೇ, ಆ ದೇವಾಲಯದ ಎದುರಿಗೆ ಇರುವುದು.