ಕಿವಿಯಂತ್ರದ ಅಂಗಡಿ ಮತ್ತು ಕನ್ನಡದ ಪದಪಟ್ಟಿ

1943ರಲ್ಲಿ ಅಮೆರಿಕದ ರೇಡಿಯೋ ಕಂಪನಿ ಜೆನಿತ್ 40 ಡಾಲರಿಗೆ ಒಂದು ಕಿವಿಯಂತ್ರ ಮಾರಲು ಶುರುಮಾಡಿತು. ಉಳಿದವರ ಯಂತ್ರಗಳಿಗೆ ಆಗ ಇದರ ಹಲವು ಪಟ್ಟು ಬೆಲೆ. ಗಿರಾಕಿಯೇ ಗುಂಡಿ ತಿರುಗಿಸಿ ಹೊಂದಿಸಿಕೊಳ್ಳಬಹುದು ಎನ್ನುವುದು ಜೆನಿತ್ ವಾದ. ಒಬ್ಬೊಬ್ಬರ ಕಿವಿಯೂ ಬೇರೆ, ಅಳೆದು ಕೂರಿಸುವವರು ಬೇಕು ಎನ್ನುವುದು ಹಳೆಯ ವ್ಯಾಪಾರಿಗಳ ವಾದ. 2022ರ ಅಕ್ಟೋಬರಿನಲ್ಲಿ ಅದೇ ದೇಶ ವಯಸ್ಕರಿಗೆ ಚೀಟಿಯಿಲ್ಲದೆ ಕಿವಿಯಂತ್ರ ಮಾರಲು ಅನುಮತಿ ಕೊಟ್ಟಾಗಲೂ ಇದೇ ಜಗಳ ಮತ್ತೆ ಎದ್ದಿತು. ನನಗೆ ಎರಡೂ ಕಡೆ ಅರ್ಧರ್ಧ ಸತ್ಯ ಕಾಣುತ್ತದೆ. ಅಳೆಯುವವರು ಬೇಕು, ನಿಜ. ಆದರೆ ಅಳೆಯುವವರೇ ಮಾರುವವರೂ ಆದರೆ?

ಬಿಳೇಕಹಳ್ಳಿಯಿಂದ ಬನ್ನೇರುಘಟ್ಟ ರಸ್ತೆಗೆ ಬಂದರೆ ಕನ್ನಡಕದಂಗಡಿಗಳ ಸಾಲಿನಲ್ಲಿ ಈಗ ಕಿವಿಯ ಅಂಗಡಿಗಳೂ ಇವೆ. 'ಪರೀಕ್ಷೆ ಉಚಿತ' ಎಂಬ ಫಲಕ ಸಾಮಾನ್ಯ. ಉಚಿತವಾದ ಪರೀಕ್ಷೆಯ ಖರ್ಚು ಯಂತ್ರದ ಬೆಲೆಯೊಳಗೇ ಕೂತಿರುತ್ತದೆ ಎಂದುಕೊಳ್ಳುವುದು ಕ್ಷೇಮ. ನಮ್ಮ ಬೀದಿಯ ಹಿರಿಯರೊಬ್ಬರು, "ಓದಿರೋಳು ನೀನು, ಎಲ್ಲಿ ತಗೊಂಡ್ರೆ ಒಳ್ಳೇದು ಹೇಳಮ್ಮ" ಎಂದರು. ಅವರ ತೊಂದರೆ ಇಷ್ಟೇ: "ಕೇಳ್ಸುತ್ತೆ, ಅರ್ಥ ಆಗಲ್ಲ." ವಯಸ್ಸಾದಂತೆ ಮೊದಲು ಕುಂದುವುದು ಹೆಚ್ಚು ಕಂಪನದ ಧ್ವನಿಗಳನ್ನು ಹಿಡಿಯುವ ಶಕ್ತಿ. ಸ್ವರಗಳು ಉಳಿಯುತ್ತವೆ, ಸಕಾರ ಶಕಾರಗಳು ಜಾರುತ್ತವೆ. 'ಬಿಸಿ' ಎಂದದ್ದು 'ಬಿಳಿ'ಯಾಗುತ್ತದೆ. ಬರೀ ಸದ್ದು ಜೋರು ಮಾಡಿದರೆ ಇದು ಸರಿಹೋಗದು.

ಹಾಗಾಗಿ ಅಂಗಡಿಯವರು 'ಪೀಪ್' ಸದ್ದು ಕೇಳಿಸಿ ಗ್ರಾಫ್ ತೆಗೆದರೆ ಸಾಲದು, ಮಾತಿನ ಪರೀಕ್ಷೆಯೂ ಆಗಬೇಕು. ಯಾವ ಭಾಷೆಯ ಮಾತು? ಸಾಹಿತ್ಯ ಓದುವವರಿಗೆ ರುಚಿಸುವ ಕಥೆ ಇರುವುದು ಇಲ್ಲಿ. ಇಂಗ್ಲಿಷಿನಲ್ಲಿ 1952ರ ಪ್ರಸಿದ್ಧ ಪಟ್ಟಿಗಳು ಒಂದೇ ಉಚ್ಚಾರಾಂಶದ ಪದಗಳಿಂದಾದವು. ಕನ್ನಡದಲ್ಲಿ ಕೈ, ಹೂ, ಬಾ ಎಂದು ಎಣಿಸುತ್ತ ಹೋದರೆ ಅಂಥ ಪದಗಳು ಬೇಗ ಮುಗಿದುಹೋಗುತ್ತವೆ. ನಮ್ಮ ಪದಗಳಿಗೆ ಕೊನೆಯಲ್ಲಿ ಸ್ವರ ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಆಶಾ ಯತಿರಾಜ್ ಮತ್ತು ವಿಜಯಲಕ್ಷ್ಮಿ 2005ರಲ್ಲಿ ಸಿದ್ಧಪಡಿಸಿದ ಕನ್ನಡ ಪಟ್ಟಿಯಲ್ಲಿ ಎರಡಕ್ಷರದ ಪದಗಳಿವೆ, ಒಂದೊಂದು ಪಟ್ಟಿಗೆ 25. ಭಾಷೆಯಲ್ಲಿ ಧ್ವನಿಗಳು ಯಾವ ಪ್ರಮಾಣದಲ್ಲಿ ಬರುತ್ತವೋ ಪಟ್ಟಿಯಲ್ಲೂ ಹೆಚ್ಚುಕಡಿಮೆ ಹಾಗೇ ಬರುವಂತೆ ಆಯ್ದ ಪದಗಳವು. ಕನ್ನಡ ಭಾಷಾಶಾಸ್ತ್ರದ ಇಷ್ಟು ನೇರ ಉಪಯೋಗ ಇನ್ನೆಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಆ ಸಂಸ್ಥೆ ಶುರುವಾದದ್ದು 1965ರಲ್ಲಿ, ಲೋಗೋಪೆಡಿಕ್ಸ್ ಎಂಬ ನಾಲಿಗೆಗೆ ಹತ್ತದ ಹೆಸರಿನಲ್ಲಿ. ಮೈಸೂರಿನವರು ಇಂದಿಗೂ ಅದನ್ನು 'ಸ್ಪೀಚ್ ಅಂಡ್ ಹಿಯರಿಂಗ್' ಎನ್ನುತ್ತಾರೆ. ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಕಿವಿಗಿಟ್ಟು ನೋಡಿ, ರಿಯಾಯಿತಿ ದರದಲ್ಲಿ ಕೊಳ್ಳಲು ಅಲ್ಲಿ ಅವಕಾಶವಿದೆ. ಆದಾಯ ಕಡಿಮೆ ಇರುವವರಿಗೆ 1981ರಿಂದ ಕೇಂದ್ರದ ಎಡಿಐಪಿ ಯೋಜನೆಯಿದೆ.

ಆದರೆ ಬಿಳೇಕಹಳ್ಳಿಯಿಂದ ಮೈಸೂರು ಸುಮಾರು 150 ಕಿಲೋಮೀಟರ್. 1996ರಲ್ಲಿ ಡಿಜಿಟಲ್ ಯಂತ್ರಗಳು ಬಂದ ಮೇಲೆ ಹೊಂದಿಸುವ ಕೆಲಸ ಗುಂಡಿಯಿಂದ ಕಂಪ್ಯೂಟರಿಗೆ ಹೋಯಿತು. ಒಂದೊಂದು ಕಂಪನಿಗೂ ತನ್ನದೇ ತಂತ್ರಾಂಶ. ಮೊದಲ ತಿಂಗಳುಗಳಲ್ಲಿ 'ತಟ್ಟೆ ಸದ್ದು ಚುಚ್ಚುತ್ತೆ', 'ಮದುವೆ ಮನೆಯಲ್ಲಿ ಏನೂ ತಿಳಿಯಲ್ಲ' ಎಂದು ಎರಡು ಮೂರು ಸಲವಾದರೂ ಹೋಗಬೇಕಾಗುತ್ತದೆ. ಎಪ್ಪತ್ತೈದು ದಾಟಿದವರಿಗೆ ಅಷ್ಟು ಸಲ ಮೈಸೂರು ಸಾಧ್ಯವೇ? ಇಲ್ಲೇ ಹತ್ತಿರ ನಿಮ್ಹಾನ್ಸ್‌ನಲ್ಲೂ ವಾಕ್ ಮತ್ತು ಶ್ರವಣ ವಿಭಾಗವಿದೆ. ಏನನ್ನೂ ಮಾರುವ ಆತುರವಿಲ್ಲದ ಕಡೆ ಮೊದಲು ಪರೀಕ್ಷೆ ಮಾಡಿಸಿ, ಆ ಗ್ರಾಫ್ ಹಿಡಿದು ಮನೆಗೆ ಹತ್ತಿರದ ಅಂಗಡಿಗೆ ಹೋಗುವುದೇ ಮೇಲು ಎಂದು ಆ ಹಿರಿಯರಿಗೆ ಹೇಳಿದೆ. ಅಂಗಡಿಯಲ್ಲಿ ಒಂದೇ ಕಂಪನಿಯ ಯಂತ್ರಗಳಿದ್ದರೆ ಇನ್ನೊಂದು ಅಂಗಡಿಯನ್ನೂ ನೋಡಬೇಕು. ಕೂರಿಸುವವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆಯೇ, ಕೆಲವು ದಿನ ಹಾಕಿ ನೋಡಲು ಕೊಡುತ್ತಾರೆಯೇ ಎಂದು ಕೇಳಬೇಕು. ಬಿಲ್ಲಿನಲ್ಲಿ ಯಂತ್ರಕ್ಕೆ ಜಿಎಸ್‌ಟಿ ಹಾಕಿದ್ದರೆ ಅದನ್ನೂ ಕೇಳಬೇಕು, ಏಕೆಂದರೆ ಕಿವಿಯಂತ್ರಕ್ಕೆ ಆ ತೆರಿಗೆ ಇಲ್ಲ. ಅದಕ್ಕೂ ಮೊದಲು ಕೇಳಬೇಕಾದದ್ದು, ಮಾತಿನ ಪರೀಕ್ಷೆ ಕನ್ನಡದಲ್ಲಿ ಮಾಡುತ್ತೀರಾ ಎಂದು.