ಕೀಲೆಣ್ಣೆಯಿಂದ 90 ನಂಬರ್ ಆಯಿಲ್‌ಗೆ: ಘಟ್ಟ ಇಳಿದ ಎಣ್ಣೆಯ ಕತೆ

ಶಿರಸಿಯ ಯಾವುದಾದರೂ ಲಾರಿ ಗ್ಯಾರೇಜಲ್ಲಿ, ಹಿಂದಿನ ಹೌಸಿಂಗ್‌ನ ಡ್ರೇನ್ ಬೋಲ್ಟ್ ಬಿಚ್ಚುವಾಗ ಹತ್ತಿರ ನಿಂತು ನೋಡಿ. ಮೂಗಿಗೆ ಒಂದು ಘಾಟು ಬಡಿಯುತ್ತೆ. ಅದು ಗಂಧಕ. ಇವತ್ತು ನಾನು ಹೇಳೋದು ಆ ವಾಸನೆಯ ಇತಿಹಾಸ.

ಮೊದಲು ಎತ್ತಿನ ಗಾಡಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರೋದು ಕಡಿಮೆಯಾಯ್ತು. ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು. ಆ ಹತ್ತಿ ಘಟ್ಟ ಇಳಿದು ಬಂದರು ಸೇರಬೇಕಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಾಂಬೆ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಇದೇ ಲೆಕ್ಕಾಚಾರ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ, ಯಲ್ಲಾಪುರದಿಂದ ಕಾರವಾರದ ಕಡೆಗೆ ಅರಬೈಲ್ ಘಟ್ಟ. ಗಾಡಿಗೆ ಹಾಕ್ತಿದ್ದದ್ದು ಕೀಲೆಣ್ಣೆ, ಅಂದ್ರೆ ಹುಲ್ಲು ಸುಟ್ಟ ಕರಿಗೆ ಹರಳೆಣ್ಣೆ ಕಲಸಿದ ಕಪ್ಪು ಮುದ್ದೆ. ಗಾಡಿಯ ಎರಡು ಗಾಲಿಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಿರುಗ್ತವೆ. ತಿರುವಲ್ಲಿ ಹೊರಗಿನ ಗಾಲಿ ಜಾಸ್ತಿ ಸುತ್ತಿದರೆ ಸುತ್ತಲಿ, ಏನೂ ಮುರಿಯಲ್ಲ.

ಎಂಜಿನ್ನೇ ಗಾಲಿ ತಿರುಗಿಸೋಕೆ ಬಂದಾಗ ಫಜೀತಿ ಶುರು. ಒಂದೇ ಶಾಫ್ಟಿನ ಬಲವನ್ನು ಎರಡು ಗಾಲಿಗೆ ಹಂಚಬೇಕು, ಅವು ಬೇರೆ ಬೇರೆ ವೇಗದಲ್ಲೂ ತಿರುಗಬೇಕು. ಅದಕ್ಕೇ ಡಿಫರೆನ್ಶಿಯಲ್. ಫ್ರಾನ್ಸಿನ ಒನೆಸಿಫೋರ್ ಪೆಕರ್ 1827ರಲ್ಲೇ ಉಗಿಗಾಡಿಗಾಗಿ ಇದನ್ನು ರೂಪಿಸಿದ್ದ. ಆದರೆ ಎಣ್ಣೆಗೆ ನಿಜವಾದ ಪರೀಕ್ಷೆ ಬಂದದ್ದು 1920ರ ದಶಕದಲ್ಲಿ, ಹೈಪಾಯ್ಡ್ ಗೇರಿನಿಂದ. ಇದರಲ್ಲಿ ಪಿನಿಯನ್ನು ಕ್ರೌನ್ ವೀಲಿನ ನಡುಗೆರೆಯಿಂದ ಸರಿದು ಕೂರುತ್ತೆ. ಹಲ್ಲು ಹಲ್ಲಿನ ಮೇಲೆ ಉರುಳೋದಷ್ಟೇ ಅಲ್ಲ, ಉಜ್ಜಿಕೊಂಡು ಜಾರುತ್ತೆ. ಆ ಒತ್ತಡಕ್ಕೆ ಬರೀ ಎಣ್ಣೆಯ ಪದರ ಹರಿದುಹೋಗಿ ಉಕ್ಕು ಉಕ್ಕಿಗೇ ಅಂಟುತ್ತೆ. ಹಾಗಾಗಿ ಗಂಧಕ, ರಂಜಕದ ಸಂಯುಕ್ತಗಳನ್ನು ಬೆರೆಸಿದರು. ಬಿಸಿಯಾದಾಗ ಅವು ಹಲ್ಲಿನ ಮೇಲೆ ತೆಳು ಪೊರೆ ಕಟ್ಟುತ್ತವೆ. ಮೊದಲು ಸವೆಯೋದು ಆ ಪೊರೆ. ಒಂದು ಕಾಲಕ್ಕೆ ಗಂಧಕ ಸೇರಿಸಿದ ತಿಮಿಂಗಿಲದ ಎಣ್ಣೆಯನ್ನೂ ಹಾಕ್ತಿದ್ರು! 1970ರಲ್ಲಿ ಅಮೆರಿಕ ಸ್ಪರ್ಮ್ ತಿಮಿಂಗಿಲವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದ ಮೇಲೆ ಬದಲಿ ಹುಡುಕಬೇಕಾಯ್ತು.

ಭಾರತದಲ್ಲಿ 1954ರಲ್ಲಿ ಟೆಲ್ಕೊ ಕಂಪನಿ ಡೈಮ್ಲರ್-ಬೆಂಜ್ ಜೊತೆ ಸೇರಿ ಟ್ರಕ್ ಕಟ್ಟೋಕೆ ಶುರು ಮಾಡಿತು. ಹತ್ತಿ ಗಾಡಿ ಇಳಿದ ಅರಬೈಲಲ್ಲೇ, 2000ದ ದಶಕದಲ್ಲಿ ಬಳ್ಳಾರಿಯ ಅದಿರು ಹೊತ್ತ ಲಾರಿಗಳು ಬೇಲೆಕೇರಿ ಬಂದರಿಗೆ ಸಾಲುಗಟ್ಟಿದವು.

ಈಗ ಡಬ್ಬದ ಮೇಲಿನ ಅಕ್ಷರ. ಜಿಎಲ್-5ರಲ್ಲಿ ಆ ಗಂಧಕದ ಮದ್ದು ಜಿಎಲ್-4ಕ್ಕಿಂತ ಹೆಚ್ಚು. ಹೈಪಾಯ್ಡ್ ಹೌಸಿಂಗ್‌ಗೆ ಜಿಎಲ್-5 ಬೇಕೇ ಬೇಕು. ಆದರೆ ಗೇರ್‌ಬಾಕ್ಸಿನ ಹಿತ್ತಾಳೆ ರಿಂಗುಗಳನ್ನು ಅದೇ ಗಂಧಕ ತಿನ್ನಬಹುದು. ಎರಡಕ್ಕೂ ಒಂದೇ ಡ್ರಮ್ಮು ಸಾಕು ಅನ್ನೋ ಉಳಿತಾಯ ನನಗಂತೂ ಒಪ್ಪಿಗೆ ಇಲ್ಲ. ಇನ್ನು 80ಡಬ್ಲ್ಯೂ-90, 85ಡಬ್ಲ್ಯೂ-140. ಡಬ್ಲ್ಯೂ ಇರೋ ಅಂಕಿ ಚಳಿಗೆ. 80ಡಬ್ಲ್ಯೂ ಪರೀಕ್ಷೆ ನಡೆಯೋದು ಮೈನಸ್ 26 ಡಿಗ್ರಿಯಲ್ಲಿ, ಸಿದ್ದಾಪುರದ ಡಿಸೆಂಬರಿಗೆ ಅದು ಲೆಕ್ಕಕ್ಕಿಲ್ಲ. ನೋಡಬೇಕಾದ್ದು ಕೊನೆಯ ಅಂಕಿ, ಅದು 100 ಡಿಗ್ರಿ ಬಿಸಿಯಲ್ಲಿನ ದಪ್ಪ. ಭಾರ ಹೊತ್ತು ಘಟ್ಟ ಹತ್ತೋ ಲಾರಿಗೆ 140 ಪದರ ಗಟ್ಟಿ, ಆದ್ರೆ ಡೀಸೆಲ್ ಸ್ವಲ್ಪ ಜಾಸ್ತಿ ಕುಡಿಯುತ್ತೆ. ನಿಮ್ಮ ಗಾಡಿಗೆ ಯಾವುದು ಅಂತ ಕೈಪಿಡಿಯಲ್ಲಿ ಬರೆದಿರುತ್ತೆ, ಅದೇ ಕೊನೆ ಮಾತು.

ಮಳೆಗಾಲದಲ್ಲಿ ಹಳ್ಳ ದಾಟಿದ ಲಾರಿಯ ಬ್ರೀದರ್ ಮೂಲಕ ನೀರು ಒಳಗೆ ಹೋಗಬಹುದು. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಕಿಲೋಮೀಟರ್ ಲೆಕ್ಕ ನೋಡದೆ ಬದಲಿಸಿ.

ನಿಮ್ಮ ಮನೆಯ ಹಿರಿಯರು ಕೀಲೆಣ್ಣೆ ಹೇಗೆ ಕಲಸ್ತಿದ್ರು? ಕೇಳಿ, ವಾಯ್ಸ್ ನೋಟ್ ಕಳಿಸಿ.