ಜೀಪಿನ ಸ್ಟೀರಿಂಗ್ ಪೆಟ್ಟಿಗೆಯ ಕಥೆ

"ಜೀಪು ಗಂಡಸರ ಗಾಡಿ ಕಣಮ್ಮ, ಹೆಂಗಸರ ಕೈಗೆ ಅದು ಬಗ್ಗಲ್ಲ" ಅನ್ನೋ ಮಾತನ್ನ ನಮ್ಮ ಮೈಸೂರು ಕಡೆ ಕೇಳದೆ ಇರೋರು ಕಡಿಮೆ. ನಮ್ಮ ಮಾವನವರ ಕಾಲದ ಹಳೇ ಜೀಪು ನಿಮಗೆಲ್ಲ ಗೊತ್ತಲ್ಲ, ನಿಮ್ಮಲ್ಲಿ ಎಷ್ಟೋ ಜನ ಅದರ ಹಿಂದಿನ ಸೀಟಲ್ಲಿ ಕೂತು ಚಾಮುಂಡಿ ಬೆಟ್ಟಕ್ಕೆ ಹೋಗಿಬಂದಿದ್ದೀರಿ. ಈಗ ನನ್ನ ಮಗಳು ಅದನ್ನ ಓಡಿಸ್ತೀನಿ ಅಂತ ಹಟ ಹಿಡಿದಿದ್ದಾಳೆ. ಸ್ಟೀರಿಂಗ್ ನೋಡಿದ್ರೆ ಕಾಲು ಸುತ್ತು ತಿರುಗಿಸಿದ ಮೇಲೇನೇ ಚಕ್ರ ಅಲ್ಲಾಡೋದು. ಪೆಟ್ಟಿಗೆ ಬದಲಾಯಿಸೋದಾ, ಹಳೇದನ್ನೇ ರಿಪೇರಿ ಮಾಡಿಸೋದಾ ಅಂತ ಮನೇಲಿ ಮೂರು ವಾರ ಚರ್ಚೆ ಆಯ್ತು. ಆ ನೆಪದಲ್ಲಿ ಓದಿ, ಕೇಳಿ ತಿಳ್ಕೊಂಡದ್ದನ್ನ ಬರೀತಿದ್ದೀನಿ. "ಹೆಂಗಸರ ಕೈಗೆ ಬಗ್ಗಲ್ಲ" ಅನ್ನೋ ಮಾತಿನ ಮೂಲ ಆ ಪೆಟ್ಟಿಗೆಯೊಳಗೇ ಇದೆ.

ಜೀಪು ಹುಟ್ಟಿದ್ದು ಯುದ್ಧಕ್ಕೋಸ್ಕರ. 1940ರಲ್ಲಿ ಅಮೆರಿಕದ ಸೈನ್ಯ ಒಂದು ಪುಟ್ಟ, ಗಟ್ಟಿ ಗಾಡಿ ಬೇಕು ಅಂತ ಕೇಳ್ತು. ಬ್ಯಾಂಟಮ್ ಅನ್ನೋ ಸಣ್ಣ ಕಂಪನಿ 49 ದಿನದಲ್ಲಿ ಮಾದರಿ ತಯಾರಿಸಿ ಸೆಪ್ಟೆಂಬರ್ 23ಕ್ಕೆ ಒಪ್ಪಿಸಿಬಿಡ್ತು. ಆಮೇಲೆ ದೊಡ್ಡ ಗುತ್ತಿಗೆ ಹೋಗಿದ್ದು ವಿಲ್ಲೀಸ್‌ಗೆ, ಫೋರ್ಡ್‌ಗೆ. ಯುದ್ಧ ಮುಗಿಯೋ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ವು. ಸೈನ್ಯದ ಕಾಗದಪತ್ರದಲ್ಲಿ ಅದರ ಹೆಸರು ಜೀಪು ಅಂತ ಇರ್ಲಿಲ್ಲ, ನಾಲ್ಕೂ ಚಕ್ರ ಎಳೆಯೋ ಕಾಲು ಟನ್ನಿನ ಟ್ರಕ್ಕು ಅಂತ ಬರೆದಿದ್ರು. ನೋಡೋಕೆ ಚಿಕ್ಕದಾದ್ರೂ ಟ್ರಕ್ಕೇ.

ಅದಕ್ಕೆ ಹಾಕಿದ್ದು ಅಮೆರಿಕದ ಇಂಡಿಯಾನಾ ರಾಜ್ಯದ ಲಫಾಯೆಟ್ ಊರಿನ ರಾಸ್ ಕಂಪನಿಯ ಸ್ಟೀರಿಂಗ್ ಪೆಟ್ಟಿಗೆ. ಒಳಗೆ ಏನಿದೆ ಅಂದ್ರೆ, ತಿರುಪಿನ ಚಕ್ಕುಲಿ ಒರಳನ್ನ ನೆನೆಸಿಕೊಳ್ಳಿ. ಹಿಡಿ ತಿರುಗಿಸಿದ್ರೆ ತಿರುಪು ಇಳಿದು ಹಿಟ್ಟನ್ನ ಒತ್ತುತ್ತೆ, ಕೈಯ ಸಣ್ಣ ಬಲ ಕೆಳಗೆ ದೊಡ್ಡದಾಗುತ್ತೆ. ಇಲ್ಲೂ ಸ್ಟೀರಿಂಗ್ ಕಂಬಿಯ ಬುಡದಲ್ಲಿ ತಿರುಪಿನ ಹಾಗೆ ಸುತ್ತು ಗಾಡಿ ಕೊರೆದಿರ್ತಾರೆ. ಆ ಗಾಡಿಯೊಳಗೆ ಎರಡು ಮೊಂಡು ಗೂಟ ಕೂತಿರುತ್ವೆ. ಚಕ್ರ ತಿರುಗಿಸಿದ್ರೆ ಗೂಟಗಳು ಜಾರ್ಕೊಂಡು ಅತ್ತಿತ್ತ ಸರೀತವೆ, ಅವನ್ನ ಹಿಡಿದಿರೋ ತೋಳು ಹೊರಗಿನ ಸರಳುಗಳನ್ನ ಎಳೆಯುತ್ತೆ. ಕಬ್ಬಿಣದ ಮೇಲೆ ಕಬ್ಬಿಣ ಉಜ್ಜೋದು, ಮಧ್ಯೆ ಎಣ್ಣೆ ಮಾತ್ರ. ನೇರ ರಸ್ತೇಲಿ ಓಡೋದೇ ಜಾಸ್ತಿ ಆದ್ದರಿಂದ ಮಧ್ಯದ ಭಾಗ ಮೊದಲು ಸವೆಯುತ್ತೆ. ಬೀಸುಕಲ್ಲಿನ ಗೂಟ ಸವೆದ ಹಾಗೆ ಲೊಡಲೊಡ. ಮಧ್ಯಕ್ಕೆ ಸರಿಯಾಗಲಿ ಅಂತ ಬಿಗಿ ಮಾಡಿಸಿದ್ರೆ ತಿರುವಿನಲ್ಲಿ ಸಿಕ್ಕಿಹಾಕ್ಕೊಂಡ ಹಾಗೆ ಬಿಗಿಯಾಗುತ್ತೆ. ಹೀಗಾಗಿ ಎಷ್ಟು ಸಲ ಬಿಗಿ ಮಾಡಿಸಿದ್ರೂ ಸಮಾಧಾನ ಇರಲ್ಲ.

ನಮ್ಮ ದೇಶಕ್ಕೆ ಇದು ಬಂದಿದ್ದು ಸ್ವಾತಂತ್ರ್ಯದ ಹೊತ್ತಿಗೆ. 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಅಂತ ಕಂಪನಿ ಶುರುವಾಯ್ತು. ಪಾಲುದಾರರಾದ ಗುಲಾಮ್ ಮೊಹಮ್ಮದ್ ದೇಶ ಇಬ್ಭಾಗ ಆದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿ ಆದ್ರು. 1948ರಲ್ಲಿ ಕಂಪನಿ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯ್ತು. 1947ರಿಂದಲೇ ಅವರು ಬೊಂಬಾಯಿಯಲ್ಲಿ ವಿಲ್ಲೀಸ್ ಜೀಪು ಜೋಡಿಸೋಕೆ ಹಿಡಿದಿದ್ರು. ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ, ಅರಣ್ಯ ಇಲಾಖೆಗೆ, ಪೊಲೀಸಿನವರಿಗೆ ಎಲ್ಲರಿಗೂ ಅದೇ ಗಾಡಿ. ದಸರಾದಲ್ಲಿ ದೊಡ್ಡೋರು ನಿಂತ್ಕೊಂಡು ಬರೋ ತೆರೆದ ಜೀಪನ್ನ ನಾವೆಲ್ಲ ನೋಡಿದ್ದೀವಲ್ಲ.

ಆಮೇಲೆ ಡೀಸೆಲ್ ಎಂಜಿನ್ ಬಂತು. ಪೆಟ್ರೋಲ್ ದುಬಾರಿ ಅಂತ ಹಳೇ ಗಾಡಿಗಳಿಗೂ ಅದನ್ನೇ ಕೂರಿಸಿದ್ರು. ಡೀಸೆಲ್ ಎಂಜಿನ್ ತೂಕ ಜಾಸ್ತಿ, ಅದೆಲ್ಲ ಮುಂದಿನ ಚಕ್ರದ ಮೇಲೆ. ಮೇಲಿಂದ ಚೆನ್ನಾಗಿ ಕಾಣ್ಲಿ ಅಂತ ಅಗಲದ ಟೈರು ಬೇರೆ. ಪೆಟ್ಟಿಗೆ ಮಾತ್ರ ಹಗುರವಾದ ಗಾಡಿಗೆ, ಸಪೂರ ಟೈರಿಗೆ ಅಂತ ಲೆಕ್ಕ ಹಾಕಿದ್ದು. ಕೈ ನೋಯದೆ ಇನ್ನೇನಾಗುತ್ತೆ ಹೇಳಿ? ಇದರಲ್ಲಿ ಗಂಡು-ಹೆಣ್ಣಿನ ಮಾತೇ ಇಲ್ಲ ಕಣ್ರೀ. 1905ರಲ್ಲೇ ಟಾಟಾ ಮನೆತನದ ಸುಜಾನ್ ಅವರು ಕಾರು ಓಡಿಸಿದ್ರು, ನಮ್ಮ ದೇಶದಲ್ಲಿ ಕಾರು ಓಡಿಸಿದ ಮೊದಲ ಹೆಂಗಸು ಅಂತ ಅವರನ್ನೇ ಹೇಳ್ತಾರೆ. 1945ರಲ್ಲಿ ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್ ಹದಿನೆಂಟರ ವಯಸ್ಸಲ್ಲಿ ಸೈನ್ಯದ ಮಹಿಳಾ ದಳಕ್ಕೆ ಸೇರಿ ಗಾಡಿ ಓಡಿಸೋದು, ಬಿಚ್ಚಿ ರಿಪೇರಿ ಮಾಡೋದು ಎರಡೂ ಕಲಿತ್ರು.

ಗೂಟ ಉಜ್ಜೋ ಕಷ್ಟಕ್ಕೆ ಪರಿಹಾರ ಅದೇ 1940ರ ಸುಮಾರಿಗೆ ಅಮೆರಿಕದಲ್ಲಿ ಸಿಕ್ಕಿತ್ತು. ಜನರಲ್ ಮೋಟಾರ್ಸ್‌ನ ಸ್ಯಾಗಿನಾ ವಿಭಾಗದವರು ತಿರುಪಿಗೂ ಅದರ ಮೇಲಿನ ನಟ್ಟಿಗೂ ಮಧ್ಯೆ ಸಾಲಾಗಿ ಉಕ್ಕಿನ ಗುಂಡು ತುಂಬಿದ್ರು. ನೆಲದ ಮೇಲೆ ಸಾಸಿವೆ ಚೆಲ್ಲಿದಾಗ ಕಾಲಿಟ್ಟಿದ್ದೀರಾ? ಹಾಗೇ ಇದು. ಉಜ್ಜೋದರ ಬದಲು ಗುಂಡು ಉರುಳುತ್ತೆ, ಕೈಗೆ ಹಗುರ, ಸವೆತ ಕಡಿಮೆ. ನಮ್ಮ ಮೆಕ್ಯಾನಿಕ್‌ಗಳು ಬಾಲ್ ಸ್ಟೀರಿಂಗ್ ಅನ್ನೋದು ಇದನ್ನೇ. ಎಣ್ಣೆಯ ಒತ್ತಡದಿಂದ ತಿರುಗೋ ಪವರ್ ಸ್ಟೀರಿಂಗ್ ಮಾರಾಟದ ಕಾರಿಗೆ ಬಂದಿದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಈಗ ನಮ್ಮ ಹೂಟಗಳ್ಳೀಲೇ ರಾಣೆ ಕಂಪನಿಯವರದ್ದು ಸ್ಟೀರಿಂಗ್ ಸಾಮಾನಿನ ಕಾರ್ಖಾನೆ ಇದೆ.

ಹಳೇ ಜೀಪಲ್ಲಿ ಇನ್ನೊಂದು ಭಯ ಇದೆ. ಕೈಯಲ್ಲಿ ಹಿಡಿಯೋ ಚಕ್ರದಿಂದ ಪೆಟ್ಟಿಗೆ ತನಕ ಒಂದೇ ಉದ್ದದ ಕಂಬಿ. ಎದುರಿಗೆ ಡಿಕ್ಕಿ ಆದ್ರೆ ಅದು ಈಟಿಯ ಹಾಗೆ ಎದೆಗೆ ಬರುತ್ತೆ. ಮಡಿಚಿಕೊಳ್ಳೋ ಕಂಬಿ ಅಮೆರಿಕದ ಕಾರುಗಳಿಗೆ ಬಂದಿದ್ದು 1967ರ ಮಾದರಿಗಳ ಹೊತ್ತಿಗೆ. ಪೆಟ್ಟಿಗೆ ಬದಲಾಯಿಸೋರು ಮಧ್ಯೆ ಕೀಲು ಇರೋ ಕಂಬಿ ಹಾಕಿಸಿದ್ರೆ ಈ ಅಪಾಯ ಕಡಿಮೆ ಆಗುತ್ತೆ.

ಆದ್ರೆ ಲೊಡಲೊಡ ಅಂದ ತಕ್ಷಣ ಪೆಟ್ಟಿಗೆ ಮೇಲೆ ತಪ್ಪು ಹೊರಿಸಬೇಡಿ. ಪೆಟ್ಟಿಗೆಯ ತೋಳಿನಿಂದ ಒಂದು ಸರಳು ಮುಂದಕ್ಕೆ ಹೋಗಿ ಚಾಸಿಗೆ ಕೂರಿಸಿದ ಕೊಕ್ಕೆಯಂಥ ತುಂಡನ್ನ ತಿರುಗಿಸುತ್ತೆ, ಅದನ್ನ ಬೆಲ್ ಕ್ರ್ಯಾಂಕ್ ಅಂತಾರೆ. ಅಲ್ಲಿಂದ ಎರಡು ಸರಳು ಎರಡು ಚಕ್ರಕ್ಕೆ. ಪ್ರತಿ ತುದೀಲೂ ಒಂದು ಕೀಲು, ಪ್ರತಿ ಕೀಲಲ್ಲೂ ಸವೆತ. ಪರೀಕ್ಷೆ ಸುಲಭ: ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಒಬ್ಬರು ಕೂತು ಸ್ಟೀರಿಂಗನ್ನ ಮೆಲ್ಲಗೆ ಅತ್ತಿತ್ತ ಆಡಿಸ್ಲಿ, ಇನ್ನೊಬ್ಬರು ಕೆಳಗೆ ಬಗ್ಗಿ ನೋಡ್ಲಿ. ಯಾವ ಕೀಲಿನ ಈಚೆ ಅಲ್ಲಾಡಿ ಆಚೆ ಅಲ್ಲಾಡಲ್ವೋ ಕಳ್ಳ ಅಲ್ಲೇ. ನಾನೂ ನನ್ನ ಓರಗಿತ್ತೀನೂ ಹೀಗೇ ನೋಡಿದ್ವಿ. ನಮ್ಮ ಜೀಪಲ್ಲಿ ಅರ್ಧ ತಪ್ಪು ಬೆಲ್ ಕ್ರ್ಯಾಂಕಿಂದು, ಇನ್ನರ್ಧ ಪೆಟ್ಟಿಗೆಯ ಗೂಟಗಳದ್ದು.

ಕೊನೆಗೆ ತೀರ್ಮಾನ ಮಾಡಿಸಿದ್ದು ಕಾನೂನು. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನ ವಿಂಟೇಜ್ ಅಂತ ನೋಂದಾಯಿಸಬಹುದು, ಆದ್ರೆ ಚಾಸಿ, ಬಾಡಿ, ಎಂಜಿನ್ ಮೂಲದ ಹಾಗೇ ಇರ್ಬೇಕು, ದಿನನಿತ್ಯದ ಓಡಾಟಕ್ಕೆ ಬಳಸೋ ಹಾಗಿಲ್ಲ. ಬೇರೆ ಪೆಟ್ಟಿಗೆ ಕೂರಿಸೋಕೆ ಚಾಸಿಗೆ ತಟ್ಟೆ ಬೆಸೆದು ಗಟ್ಟಿ ಮಾಡಬೇಕಾಗುತ್ತೆ, ಇಲ್ಲದಿದ್ರೆ ಎಳೆತಕ್ಕೆ ಚಾಸಿ ಸೀಳುತ್ತೆ. ನಮ್ಮದು ಹಬ್ಬಕ್ಕೆ ಒಂದ್ಸಲ ಆಚೆ ಬರೋ ಗಾಡಿ. ಅದಕ್ಕೇ ಹಳೇ ಪೆಟ್ಟಿಗೇನೇ ಬಿಚ್ಚಿಸಿ ಹೊಸ ಗೂಟದ ತೋಳು, ಬೇರಿಂಗು, ಸೀಲು ಹಾಕಿಸಿದ್ವಿ, ಬೆಲ್ ಕ್ರ್ಯಾಂಕಿನ ಪಿನ್ನು ಬದಲಾಯಿಸಿದ್ವಿ, ಮೊದಲಿನ ಸಪೂರ ಟೈರು ವಾಪಸ್ ತಂದ್ವಿ. ಸಕಲೇಶಪುರದ ನಮ್ಮ ಅತ್ತಿಗೆ ಮಾತ್ರ ದಿನಾ ತೋಟದಲ್ಲಿ ಓಡಾಡ್ಬೇಕು, ಅವರಿಗೆ ಬಾಲ್ ಸ್ಟೀರಿಂಗೇ ಸರಿ. ಆದ್ರೆ ಕೈ ಹಾಕೋ ಮೊದಲು ಆರ್‌ಟಿಓದಲ್ಲಿ ಕೇಳಿಬಿಡಿ ಅಂತ ಹೇಳಿದ್ದೀನಿ.

ಮಗಳಿಗೆ ನಾನು ಹೇಳಿಕೊಟ್ಟಿದ್ದು ಒಂದೇ: ನಿಂತ ಗಾಡೀಲಿ ಸ್ಟೀರಿಂಗ್ ಜಗ್ಗಬೇಡ, ಚಕ್ರ ಸ್ವಲ್ಪ ಉರುಳ್ತಾ ಇರುವಾಗ ತಿರುಗಿಸು. ಅರ್ಧ ಭಾರ ಅಲ್ಲೇ ಇಳಿಯುತ್ತೆ.